ಚಿಕ್ಕಮ್ಮನಿಗೆ: ನೀಸ್‌ಗೆ ಒಂದು ಮಧ್ಯಾಹ್ನ ಸಾಲದು

ಚಿಕ್ಕಮ್ಮ, ನಮಸ್ಕಾರ. ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ ಪ್ರವಾಸದ ಪಟ್ಟಿಯನ್ನು ಅಮ್ಮನೂ ನಾನೂ ಕುಳಿತು ಓದಿದೆವು. ಫ್ರಾನ್ಸಿನ ದಕ್ಷಿಣ ಕರಾವಳಿಗೆಂದು ಇಟ್ಟಿರುವ ನಾಲ್ಕು ದಿನಗಳಲ್ಲಿ ನೀಸ್ ನಗರಕ್ಕೆ ಒಂದೇ ಒಂದು ಮಧ್ಯಾಹ್ನ ಸಿಕ್ಕಿದೆ; ಉಳಿದದ್ದೆಲ್ಲ ಮೊನಾಕೊ, ಕಾನ್ ಎಂದು ಹಂಚಿಹೋಗಿದೆ. ಅದರ ಕೆಳಗೆ ಚಿಕ್ಕಪ್ಪ, ‘ಅಲ್ಲಿ ಸಮುದ್ರ ಬಿಟ್ಟರೆ ಏನಿದೆ, ಅದನ್ನೂ ತೆಗೆದುಬಿಡೋಣವೇ’ ಎಂದು ಕೇಳಿದ್ದಾರೆ. ಕಳೆದ ವರ್ಷ ಮೇ ತಿಂಗಳಲ್ಲಿ ನಾವಿಬ್ಬರೂ ಆ ಊರಿನಲ್ಲಿ ಐದು ದಿನ ಇದ್ದು ಬಂದವರಾದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಟೈಪ್ ಮಾಡುವಷ್ಟು ತಾಳ್ಮೆ ನನಗಿಲ್ಲ, ಮಾತಿನಲ್ಲಿಯೇ ಕಳುಹಿಸುತ್ತಿದ್ದೇನೆ. ಅಡುಗೆ ಕೆಲಸ ಮುಗಿದ ಮೇಲೆ ಸಾವಕಾಶವಾಗಿ ಕೇಳಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ದಿನವೂ ನೀಸ್‌ನಲ್ಲಿಯೇ ಕೋಣೆ ಹಿಡಿಯಿರಿ, ಮೂರು ದಿನ ಆ ಊರನ್ನೇ ನೋಡಿ, ಹೊರಗಿನ ಊರುಗಳಿಗೆ ಒಂದು ದಿನ ಕೊಟ್ಟರೆ ಧಾರಾಳವಾಯಿತು.

ಆ ಊರಿನ ಬಣ್ಣಗಳ ಹಿಂದೆ ಒಂದು ಚರಿತ್ರೆಯೇ ಇದೆ. ನೀಸ್ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಅದಕ್ಕೂ ಮೊದಲು ಅದು ಇಟಲಿಯ ಟ್ಯೂರಿನ್‌ನಿಂದ ಆಳುತ್ತಿದ್ದ ಸಾರ್ಡಿನಿಯಾ ರಾಜ್ಯಕ್ಕೆ ಸೇರಿತ್ತು. ಇಟಲಿಯನ್ನು ಒಗ್ಗೂಡಿಸಲು ಹೋರಾಡಿದ ಗರಿಬಾಲ್ಡಿ 1807ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಊರು ಬೆಳೆಯತೊಡಗಿದಾಗ ಬೀದಿಗಳೂ ಕಟ್ಟಡಗಳೂ ಹೇಗಿರಬೇಕೆಂದು ತೀರ್ಮಾನಿಸಲು 1832ರಲ್ಲಿ ಒಂದು ಮಂಡಳಿಯನ್ನೇ ಮಾಡಿದ್ದರು. ಹಾಗಾಗಿ ಹಳೆಯ ಪೇಟೆಯ ಕಾವಿ, ಅರಿಸಿನ, ಮಾಸಲು ಗುಲಾಬಿ ಬಣ್ಣದ ಗೋಡೆಗಳನ್ನಾಗಲಿ ಮಸೇನಾ ಚೌಕದ ಸುತ್ತ ಕಮಾನುಗಳ ಮೇಲೆ ನಿಂತಿರುವ ಕಡುಗೆಂಪು ಕಟ್ಟಡಗಳನ್ನಾಗಲಿ ನೋಡುವಾಗ ಫ್ರಾನ್ಸಿಗಿಂತ ಇಟಲಿಯೇ ಹೆಚ್ಚು ನೆನಪಾಗುತ್ತದೆ. ಬೀದಿಯ ಹೆಸರುಗಳನ್ನು ಹಳೆಯ ಪೇಟೆಯಲ್ಲಿ ಫ್ರೆಂಚಿನ ಜೊತೆಗೆ ಅಲ್ಲಿನವರ ಸ್ವಂತ ನುಡಿಯಾದ ನಿಸ್ಸಾರ್‌ನಲ್ಲಿಯೂ ಬರೆದಿರುವುದನ್ನು ಕಂಡು ನನಗೆ ಖುಷಿಯಾಯಿತು.

ಅಮ್ಮನಿಗೆ ಹಿಡಿಸಿದ್ದು ಕಿಟಕಿಗಳು. ಎರಡನೆಯ ದಿನ ಬೆಳಗ್ಗೆ ಒಂದು ಕಿರುಬೀದಿಯಲ್ಲಿ ಅವಳು ತಟ್ಟನೆ ನಿಂತು, ‘ಆ ಮೂರನೆಯ ಮಹಡಿಯ ಕಿಟಕಿಯನ್ನು ನೋಡು, ಬಿಸಿಲು ಈ ಕಡೆಯಿಂದ ಬರುತ್ತಿದೆ, ಅದರ ನೆರಳೂ ಈ ಕಡೆಗೇ ಬಿದ್ದಿದೆಯಲ್ಲ’ ಎಂದಳು. ಕಣ್ಣು ಕಿರಿದು ಮಾಡಿ ನೋಡಿದರೆ ಅದು ಕಿಟಕಿಯೇ ಅಲ್ಲ! ಚೌಕಟ್ಟು, ಹಸಿರು ಬಾಗಿಲಿನ ಪಟ್ಟಿಗಳು, ಕೆಳಗಿನ ನೆರಳು, ಎಲ್ಲವನ್ನೂ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದರು. ಗೋಡೆ ಬೋಳಾಗಿ ಕಾಣದೆ ಕಿಟಕಿಗಳ ಸಾಲು ಸರಿಹೊಂದಲೆಂದು ಹೀಗೆ ಮಾಡುವುದು ಆ ಕರಾವಳಿಯ ಹಳೆಯ ರೂಢಿ. ಅಲ್ಲಿಂದ ಮುಂದೆ ಉಳಿದ ದಿನಗಳಲ್ಲೆಲ್ಲ ಯಾವುದು ನಿಜ, ಯಾವುದು ಬರೆದದ್ದು ಎಂದು ಗುರುತಿಸುವುದೇ ನಮ್ಮ ಆಟವಾಯಿತು. ಒಂದು ಮಧ್ಯಾಹ್ನದಲ್ಲಿ ಓಡಿ ಮುಗಿಸುವವರಿಗೆ ಇದು ಕಾಣುವುದು ಹೇಗೆ, ನೀವೇ ಹೇಳಿ.

ಬೆಳಗಿನ ಹೊತ್ತು ಕೂರ್ ಸಲೇಯಾ ಎಂಬ ಮಾರುಕಟ್ಟೆಗೆ ಹೋಗಿ. ಪಟ್ಟೆಪಟ್ಟೆಯ ಬಟ್ಟೆಯ ಚಪ್ಪರಗಳ ಕೆಳಗೆ ಹೂವು, ತರಕಾರಿ, ಹಣ್ಣು ಇರುತ್ತವೆ. ಮಧ್ಯಾಹ್ನವಾಗುವಷ್ಟರಲ್ಲಿ ತರಕಾರಿಯವರು ಗಂಟು ಕಟ್ಟುತ್ತಾರೆ, ಸೋಮವಾರ ಇವರು ಯಾರೂ ಇಲ್ಲದೆ ಹಳೆಯ ಸಾಮಾನುಗಳ ಸಂತೆ ನಡೆಯುತ್ತದೆ. ಆ ಬೀದಿಯ ಕೊನೆಯಲ್ಲಿ ನಿಂತಿರುವ ಎತ್ತರದ ಹಳದಿ ಮನೆಯಲ್ಲಿ ಚಿತ್ರಕಾರ ಮಾತೀಸ್ ಹಲವು ವರ್ಷ ವಾಸವಾಗಿದ್ದರು.

ಊಟದ ವಿಷಯವಾಗಿ ನೀವು ಪ್ರತ್ಯೇಕವಾಗಿ ಕೇಳಿದ್ದೀರಿ. ನಮ್ಮಂಥ ಸಸ್ಯಾಹಾರಿಗಳ ಪಾಲಿನ ಆಪದ್ಬಂಧು ಸೊಕ್ಕಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟನ್ನೇ ತೆಳ್ಳಗೆ ಕಲಸಿ, ಗಾಡಿಯ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಗೆ ಹೊಯ್ದು, ಸೌದೆಯ ಒಲೆಯೊಳಗೆ ತಳ್ಳುತ್ತಾರೆ. ಅಂಚು ಕರಕಲಾಗಿ ನಡುವೆ ಮೆತ್ತಗಿರುವಾಗಲೇ ಹೊರಗೆಳೆದು, ಚೂರುಚೂರಾಗಿ ಕೆರೆದು, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಡುತ್ತಾರೆ. ಮೊದಲ ತುತ್ತಿಗೇ ಅಮ್ಮ, ‘ಇದು ನಮ್ಮ ಕಡಲೆಹಿಟ್ಟಿನ ದೋಸೆಯೇ, ಈರುಳ್ಳಿ ಹಸಿಮೆಣಸಿನಕಾಯಿ ಮರೆತಿದ್ದಾರೆ ಅಷ್ಟೆ’ ಎಂದು ತೀರ್ಪು ಕೊಟ್ಟಳು; ಎರಡನೆಯ ಸಲ ಸಾಲಿನಲ್ಲಿ ನಿಂತವಳೂ ಅವಳೇ. ಬಿಸಿಯಾಗಿದ್ದಾಗಲೇ ತಿನ್ನಬೇಕು, ಆರಿದರೆ ಚರ್ಮದಂತಾಗುತ್ತದೆ. ಆದರೆ ಪಿಸ್ಸಲಾದಿಯೇರ್ ಎಂಬ ಈರುಳ್ಳಿ ಹಾಕಿದ ರೊಟ್ಟಿಯ ವಿಷಯದಲ್ಲಿ ಜಾಗ್ರತೆ. ನೋಡುವುದಕ್ಕೆ ಸಾಧುವಾಗಿ ಕಂಡರೂ ಅದರಲ್ಲಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ, ಊರಿನ ಹೆಸರನ್ನೇ ಹೊತ್ತ ಸಲಾಡ್‌ನಲ್ಲಿಯೂ ಮೀನು ಮೊಟ್ಟೆಗಳಿರುತ್ತವೆ. ‘ಸಾಂ ಪ್ವಾಸೊಂ’ ಎಂದರೆ ಮೀನಿಲ್ಲದೆ ಎಂದರ್ಥ. ಚಿಕ್ಕಪ್ಪ ಅದೊಂದು ಮಾತನ್ನು ಬಾಯಿಪಾಠ ಮಾಡಿಕೊಳ್ಳಲಿ.

ಅವರ ಮೊಣಕಾಲಿನ ಚಿಂತೆ ನನಗೂ ಇದೆ. ಹಳೆಯ ಪೇಟೆಯ ಪಕ್ಕದಲ್ಲಿರುವ ಗುಡ್ಡವನ್ನು ಕೋಟೆಗುಡ್ಡ ಎಂದು ಕರೆದರೂ ಮೇಲೆ ಕೋಟೆಯಿಲ್ಲ. ಫ್ರಾನ್ಸಿನ ಅರಸ ಹದಿನಾಲ್ಕನೆಯ ಲೂಯಿ 1706ರಲ್ಲಿ ಅದನ್ನು ಕೆಡವಿಸಿಹಾಕಿದ. ಮೆಟ್ಟಿಲುಗಳನ್ನು ನೋಡಿ ಹೆದರಬೇಕಾಗಿಲ್ಲ, ಸಮುದ್ರದ ಬದಿಯ ಬುಡದಲ್ಲಿ ದುಡ್ಡು ಕೊಡಬೇಕಾಗಿಲ್ಲದ ಲಿಫ್ಟ್ ಇದೆ. ಮೇಲೆ ಒಂದು ಕಡೆ ಕೊಲ್ಲಿಯ ಬಿಲ್ಲಿನಂಥ ಬಾಗು ಮತ್ತು ಕೆಂಪು ಹಂಚಿನ ಮಾಡುಗಳು, ಇನ್ನೊಂದು ಕಡೆ ದೋಣಿ ತುಂಬಿದ ಬಂದರು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅಲ್ಲಿಂದ ಢಮಾರೆಂದು ಸದ್ದು ಬರುತ್ತದೆ, ಗಾಬರಿಯಾಗಬೇಡಿ. 1860ರ ದಶಕದಲ್ಲಿ ಅಲ್ಲಿ ಚಳಿಗಾಲ ಕಳೆಯುತ್ತಿದ್ದ ಬ್ರಿಟನ್ನಿನ ಗೃಹಸ್ಥರೊಬ್ಬರು, ಹರಟೆಗೆ ಕುಳಿತ ಹೆಂಡತಿ ಊಟದ ಹೊತ್ತಿಗೆ ಮನೆಗೆ ಬರಲೆಂದು ಫಿರಂಗಿ ಹಾರಿಸುವ ಏರ್ಪಾಡು ಮಾಡಿದರೆಂದು ಹೇಳುತ್ತಾರೆ.

ಸಮುದ್ರದಂಡೆಯ ದೊಡ್ಡ ಹಾದಿಗೆ ‘ಇಂಗ್ಲಿಷರ ಹಾದಿ’ ಎಂದೇ ಹೆಸರು. ಚಳಿಗಾಲ ಕಳೆಯಲು ಬರುತ್ತಿದ್ದ ಇಂಗ್ಲಿಷರು 1820ರ ದಶಕದಲ್ಲಿ ಹಣ ಕೂಡಿಸಿ ಅದನ್ನು ಮಾಡಿಸಿದರು, ಈಗ ಸುಮಾರು 7 ಕಿಲೋಮೀಟರ್ ಉದ್ದವಿದೆ. ಹೀಗೆ ಚಳಿಗಾಲದ ಅತಿಥಿಗಳಿಂದಲೇ ಬೆಳೆದ ಊರೆಂಬ ಕಾರಣಕ್ಕೆ ಯುನೆಸ್ಕೊ 2021ರಲ್ಲಿ ನೀಸನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2016ರ ಜುಲೈ 14ರ ರಾತ್ರಿ ಹಬ್ಬದ ಜನಸಂದಣಿಯ ಮೇಲೆ ಲಾರಿ ನುಗ್ಗಿಸಿ 86 ಜನರನ್ನು ಕೊಂದದ್ದೂ ಇದೇ ಹಾದಿಯಲ್ಲಿ. ಅವರ ನೆನಪಿನ ಸ್ಮಾರಕದ ಮುಂದೆ ಅಮ್ಮ ಚಪ್ಪಲಿ ಬಿಟ್ಟು ಎರಡು ನಿಮಿಷ ನಿಂತಿದ್ದಳು. ಸಂಜೆ ಅಲ್ಲಿನ ನೀಲಿ ಕುರ್ಚಿಗಳಲ್ಲಿ ಕುಳಿತಿರಿ. ಮೇ ತಿಂಗಳಲ್ಲಿ ಎಂಟೂವರೆ ದಾಟಿದರೂ ಬೆಳಕಿರುತ್ತದೆ. ಮಲ್ಪೆಯ ಮರಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರಿಗಾಲಿನಲ್ಲಿ ಇಳಿಯಬೇಡಿ, ದಂಡೆಯ ತುಂಬ ಮುಷ್ಟಿಗಾತ್ರದ ಉರುಟು ಕಲ್ಲುಗಳಿವೆ. ನಾನು ನಾಲ್ಕು ಹೆಜ್ಜೆ ಇಟ್ಟು ಐದನೆಯದಕ್ಕೆ ಕುಕ್ಕರಿಸಿದೆ.

ಸಿಮಿಯೆ ಬಡಾವಣೆಗೆ ಅರ್ಧ ದಿನ ಇಡಿ. ಆಲಿವ್ ತೋಪಿನ ನಡುವಿನ ಕೆಂಪು ಬಂಗಲೆಯಲ್ಲಿ ಮಾತೀಸ್ ಸಂಗ್ರಹಾಲಯವಿದೆ, ಪಕ್ಕದ ಮಠದ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಗುಡ್ಡದ ಕೆಳಗಿನ ಶಗಾಲ್ ಸಂಗ್ರಹಾಲಯ. ಬೈಬಲ್ಲಿನ ಕಥೆಗಳ ದೊಡ್ಡ ದೊಡ್ಡ ಚಿತ್ರಗಳಿಗಾಗಿ ಕಟ್ಟಿದ ಅದು 1973ರಲ್ಲಿ ಚಿತ್ರಕಾರ ಬದುಕಿದ್ದಾಗಲೇ ತೆರೆಯಿತು. ಎರಡಕ್ಕೂ ಮಂಗಳವಾರ ರಜೆ. ನಾವು ನೋಡಿಕೊಳ್ಳದೆ ಮೊದಲ ಸಲ ಮಂಗಳವಾರವೇ ಹೋಗಿ ಮುಚ್ಚಿದ ಗೇಟಿನ ಫೋಟೊ ತೆಗೆದುಕೊಂಡು ಬಂದೆವು.

ಹೊರಗಿನ ಒಂದು ದಿನಕ್ಕೆ ಪೂರ್ವದ ರೈಲು ಹಿಡಿಯಿರಿ. ವಿಲ್‌ಫ್ರಾಂಶ್ ಹತ್ತು ನಿಮಿಷದೊಳಗೆ ಬರುತ್ತದೆ, ಅದೇ ಸಾಲಿನಲ್ಲಿ ಮುಂದೆ ಇಟಲಿಯ ಗಡಿಯಲ್ಲಿ ನಿಂಬೆಹಣ್ಣಿಗೆ ಹೆಸರಾದ ಮಾಂತೋಂ ಇದೆ. ಮೊನಾಕೊ ನಡುವೆ ಸಿಗುತ್ತದೆ. ಚಿಕ್ಕಪ್ಪನಿಗೆ ದೊಡ್ಡ ಕಾರುಗಳನ್ನು ನೋಡುವ ಆಸೆಯಿದ್ದರೆ ಎರಡು ಗಂಟೆ ಇಳಿಯಿರಿ, ಅಷ್ಟು ಸಾಕು. ವಿಮಾನ ನಿಲ್ದಾಣದಿಂದ ಊರೊಳಕ್ಕೆ ಎರಡನೆಯ ಸಾಲಿನ ಟ್ರಾಮ್ ಬರುತ್ತದೆ, ಟ್ಯಾಕ್ಸಿ ಬೇಡ.

ಅಮ್ಮ ಪಕ್ಕದಲ್ಲಿ ಕುಳಿತು ಕೈಸನ್ನೆ ಮಾಡುತ್ತಿದ್ದಾಳೆ: ಸೊಕ್ಕಾಕ್ಕೆ ನಂಚಿಕೊಳ್ಳಲು ಒಂದು ಸಣ್ಣ ಡಬ್ಬಿ ಚಟ್ನಿಪುಡಿಯನ್ನು ಮರೆಯದೆ ಇಟ್ಟುಕೊಳ್ಳಬೇಕಂತೆ.