ಸಹಾಯ ಬೇಕು: ಮೂಲವ್ಯಾಧಿಗೆ ಶೇ. 0 ಕೊಟ್ಟಿದ್ದಾರೆ, ಮುಂದೆ ಏನು ಲಗತ್ತಿಸಬೇಕು?

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿದ್ದೇವೆ. ನಮ್ಮ ಯಜಮಾನರು ಅಮೆರಿಕದ ಸೇನೆಯಲ್ಲಿ ಎಂಟು ವರ್ಷ ಟ್ರಕ್ ಓಡಿಸಿದವರು; ಮೂಲವ್ಯಾಧಿ ಶುರುವಾದದ್ದು ಅಲ್ಲಿಯೇ. ಈಗ ರಾತ್ರಿಯ ಊಟವನ್ನೂ ಅಡುಗೆಕಟ್ಟೆಗೆ ಒರಗಿ ನಿಂತೇ ಮಾಡುತ್ತಾರೆ. ಕಾರಿನ ಸೀಟಿಗೆ ಹಾಸಿದ ಟವೆಲನ್ನು ವಾರಕ್ಕೆರಡು ಸಲ ಒಗೆಯುತ್ತೇನೆ. ನಾಚಿಕೆಯಿಂದ ಅವರು ಯಾರನ್ನೂ ಕೇಳುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅಲ್ಲಿನ ಮಾಜಿ ಸೈನಿಕರ ಇಲಾಖೆಗೆ (VA) ಅಂಗವೈಕಲ್ಯ ಪರಿಹಾರಕ್ಕೆ ಅರ್ಜಿ ಹಾಕಿದ್ದೆವು. ಸೇವೆಯಲ್ಲಿ ಬಂದ ಕಾಯಿಲೆ ಎಂದು ಒಪ್ಪಿದ್ದಾರೆ, ಆದರೆ ಅಂಗವೈಕಲ್ಯದ ಪ್ರಮಾಣ ಎಂದು ಕೊಟ್ಟದ್ದು ಶೇ. 0. ತಪಾಸಣೆಯ ದಿನ ರಕ್ತ ಹೋಗುತ್ತಿರಲಿಲ್ಲ, ರಕ್ತಪರೀಕ್ಷೆಯನ್ನೂ ಮಾಡಲಿಲ್ಲ. 2024ರ ಮೇ ತಿಂಗಳಲ್ಲಿ ಬದಲಾದ, ಮೂಲವ್ಯಾಧಿಗೆ ಸಂಬಂಧಿಸಿದ 7336ನೇ ಸಂಕೇತದ ನಿಯಮ ಓದಿದೆ: ನಿರಂತರ ರಕ್ತಸ್ರಾವದ ಜೊತೆಗೆ ರಕ್ತಹೀನತೆಯೂ ಇದ್ದರೆ ಶೇ. 20. ಹೋದ ತಿಂಗಳು ಬೇರೆ ವೈದ್ಯರಲ್ಲಿ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4 ಬಂತು.

ತೀರ್ಮಾನದ ಪತ್ರ ಬಂದು ನಾಲ್ಕು ತಿಂಗಳಾಗಿದೆ, ವರ್ಷದೊಳಗೆ ಮುಂದುವರಿಯಬೇಕು. 20-0996 ನಮೂನೆಯ ಮರುಪರಿಶೀಲನೆಯಲ್ಲಿ ಹೊಸ ದಾಖಲೆ ತೆಗೆದುಕೊಳ್ಳುವುದಿಲ್ಲ; ಹಾಗಾಗಿ ಹೊಸ ದಾಖಲೆ ಸೇರಿಸಿ ಹಾಕುವ ಪೂರಕ ಅರ್ಜಿಯ ನಮೂನೆ 20-0995 ಹಾಕೋಣ ಎಂದುಕೊಂಡಿದ್ದೇನೆ. ಸಿಕ್ಕಿಕೊಂಡಿರುವುದು ಇಲ್ಲಿ: ರಕ್ತದ ವರದಿಯೊಂದೇ ಸಾಕೇ, ಅಥವಾ ರಕ್ತಹೀನತೆಗೆ ಮೂಲವ್ಯಾಧಿಯೇ ಕಾರಣ ಎಂದು ವೈದ್ಯರಿಂದ ಬರೆಸಿ ಲಗತ್ತಿಸಬೇಕೇ? ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ತಿಳಿಸಿ.