ಗೋಡೆಗೆ ಚಿತ್ರ ಬರೆದರೆ ಊರು ಉಳಿಯುತ್ತಾ? ಇಟಲಿಯಲ್ಲಿರುವವರು ಹೇಳಿ

ಧಾರವಾಡ_ಹುಡುಗ

ಎಲ್ಲರಿಗೂ ನಮಸ್ಕಾರ. ಟೊರಿನೊದಲ್ಲಿ ಎಂಎಸ್ ಓದುತ್ತಿದ್ದೇನೆ. ಸೆಪ್ಟೆಂಬರ್‌ನಲ್ಲಿ ಅವ್ವ ಬರುತ್ತಾಳೆ. ರೋಮ್, ವೆನಿಸ್ ಹೇಗೂ ತೋರಿಸುತ್ತೇನೆ. ಆದರೆ ಅವ್ವನಿಗೆ ಹಳ್ಳಿ ಓಣಿಯಲ್ಲಿ ಅಡ್ಡಾಡೋದು ಜಾಸ್ತಿ ಇಷ್ಟ. ಮನೆ ಗೋಡೆಗಳ ತುಂಬ ಚಿತ್ರ ಇರುವ ಊರುಗಳ ಫೋಟೋ ನೋಡಿದೆ. ಸಾರ್ಡಿನಿಯಾ ದ್ವೀಪದ ಓರ್ಗೊಸೊಲೊ, ದಕ್ಷಿಣ ಇಟಲಿಯ ಮೊಲಿಸೆ ಕಡೆಯ ಚೀವಿತಾಕಾಂಪೊಮರಾನೊ. ಅಷ್ಟು ದೂರ ಹೋಗಬಹುದಾ? ಇನ್ನೊಂದು ಪ್ರಶ್ನೆ. ಇದರಿಂದ ಊರವರಿಗೆ ಏನಾದರೂ ಸಿಗುತ್ತಾ, ಇಲ್ಲ ಬಂದವರು ಸುಮ್ನೆ ಸೆಲ್ಫಿ ತೆಗೆದುಕೊಂಡು ಹೋಗ್ತಾರಾ?

ರೋಮ್_ರಾಘು

ರೋಮ್‌ಗೆ ಬಂದಾಗ ತೊರ್ ಮರಾಂಚಾ ಅನ್ನೋ ಬಡಾವಣೆ ನೋಡಿ. 2015ರಲ್ಲಿ ಅಲ್ಲಿನ ಸರ್ಕಾರಿ ವಸತಿ ಕಟ್ಟಡಗಳ ಪಕ್ಕದ ಗೋಡೆಗಳ ಮೇಲೆ 22 ಚಿತ್ರ ಬರೆದರು. ಒಂದೊಂದೂ 14 ಮೀಟರ್ ಎತ್ತರ. ತಗ್ಗು ಜಾಗ, ಹಿಂದೆ ಮಳೆ ಬಂದರೆ ನೀರು ನಿಲ್ಲುತ್ತಿತ್ತು, ಅದಕ್ಕೆ ಜನ ‘ಶಾಂಘೈ’ ಅಂತ ಕರೆಯುತ್ತಿದ್ದರಂತೆ. ಏಣಿ ಹತ್ತಿ ಗೋಡೆಯಾಚೆ ಇಣುಕುವ ಹುಡುಗನ ಚಿತ್ರ ನನಗೆ ಬಹಳ ಇಷ್ಟ. ಬಟ್ಟೆ ಒಣಗಿಸೋ ಅಂಗಳದಲ್ಲಿ ನಿಂತು ನೋಡಬೇಕಾಗುತ್ತೆ, ಹಾಗಾಗಿ ಗಲಾಟೆ ಮಾಡದೆ ನೋಡಿ.

ಕಾಲ್ಯಾರಿ_ಕನ್ನಡತಿ

ಶಿವಮೊಗ್ಗದಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು ನಾನು. ಈಗ ಸಾರ್ಡಿನಿಯಾದಲ್ಲೇ ಇದ್ದೇನೆ. ಈ ವಿಷಯ ಬಂದರೆ ಸುಮ್ಮನಿರೋಕೆ ಆಗಲ್ಲ, ಸ್ವಲ್ಪ ಉದ್ದ ಬರೀತೀನಿ.

ಓರ್ಗೊಸೊಲೊಗೆ ಖಂಡಿತ ಹೋಗಪ್ಪ. ಆದರೆ ಹಿಂದಿನ ಕಥೆ ತಿಳಿದುಕೊಂಡು ಹೋಗು. ಒಂದು ಕಾಲಕ್ಕೆ ಆ ಹೆಸರು ಹೇಳಿದರೆ ಜನಕ್ಕೆ ನೆನಪಾಗುತ್ತಿದ್ದದ್ದು ಡಕಾಯಿತರು ಮಾತ್ರ. 1969ರಲ್ಲಿ ಸೈನ್ಯದವರು ಪ್ರಾತೊಬೆಲ್ಲೊ ಅನ್ನೋ ಹುಲ್ಲುಗಾವಲನ್ನು ಗುಂಡು ಹಾರಿಸುವ ತರಬೇತಿಗೆ ತೆಗೆದುಕೊಳ್ಳಲು ಹೊರಟರು. ಕುರಿ ಹೊಡೆದುಕೊಂಡು ಜಾಗ ಖಾಲಿ ಮಾಡಿ ಅಂತ ಊರ ಗೋಡೆಗಳಿಗೆ ನೋಟಿಸ್ ಅಂಟಿಸಿದರು. ಕುರಿ ನಂಬಿಯೇ ಬದುಕುವ ಊರು ಅದು. ಜೂನ್‌ನಲ್ಲಿ ಹೆಂಗಸರು, ಮಕ್ಕಳು, ಮುದುಕರು ಅನ್ನದೆ ಸಾವಿರಾರು ಜನ ಹೋಗಿ ಆ ಬಯಲಲ್ಲೇ ಕೂತರು. ಸೈನ್ಯ ಹಿಂದೆ ಸರಿಯಿತು. ಅದೇ ವರ್ಷ ಮಿಲಾನ್‌ನ ‘ದಿಯೊನಿಸೊ’ ಅನ್ನೋ ನಾಟಕ ಗುಂಪಿನವರು ಊರಿನ ಮೊದಲ ಗೋಡೆ ಚಿತ್ರ ಬರೆದರು.

ಊರು ತುಂಬಿದ್ದು ಮಾತ್ರ 1975ರಿಂದ ಈಚೆಗೆ. ಸಿಯೆನಾದಿಂದ ಬಂದು ಅಲ್ಲಿನ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಫ್ರಾಂಚೆಸ್ಕೊ ದೆಲ್ ಕಾಸಿನೊ ಮಕ್ಕಳನ್ನು ಕಟ್ಟಿಕೊಂಡು ಬೀದಿಗಿಳಿದರು. ಫ್ಯಾಸಿಸ್ಟರಿಂದ ದೇಶ ಬಿಡುಗಡೆಯಾಗಿ ಆಗ 30 ವರ್ಷ. ಅದರ ನೆನಪಿಗೆ ಶುರುವಾದ ಕೆಲಸ ನಿಲ್ಲಲೇ ಇಲ್ಲ. ಈಗ ಸುಮಾರು 150 ಚಿತ್ರಗಳಿವೆ. ಮಕ್ಕಳ ಕೈಗೆ ಊರ ಗೋಡೆಯನ್ನೇ ಕೊಟ್ಟ ಮೇಷ್ಟ್ರು! ನನಗೆ ಅವರ ಮೇಲೆ ತುಂಬಾ ಗೌರವ.

ಕೊರ್ಸೊ ರೆಪುಬ್ಲಿಕಾ ಬೀದಿಯಲ್ಲಿ ನಿಧಾನಕ್ಕೆ ನಡೆಯಿರಿ. ದಪ್ಪ ಗೆರೆ, ಪಿಕಾಸೊ ಥರ ಕೋನ ಕೋನವಾಗಿ ಮುರಿದ ಮುಖಗಳು. ನಿಜವಾದ ಕಿಟಕಿ ಬಾಗಿಲುಗಳನ್ನು ಬಿಟ್ಟು ಸುತ್ತಲೂ ಬರೆದಿದ್ದಾರೆ. ಒಂದು ಕಡೆ ಕುರಿಗಾಹಿಯ ಟೋಪಿ ಕಿಟಕಿಯ ಅಂಚಿಗೆ ತಾಗಿದಂತಿದೆ, ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಚಿತ್ರಗಳ ಜೊತೆ ಸಾರ್ಡಿನಿಯನ್, ಇಟಾಲಿಯನ್ ಭಾಷೆಯಲ್ಲಿ ಬರಹ ಇರುತ್ತೆ. ಫೋನಿನಲ್ಲಿ ಅನುವಾದ ಮಾಡಿ ಅವ್ವನಿಗೆ ಓದಿ ಹೇಳು. ಓದದೆ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ.

ಸಾರ್ಡಿನಿಯಾದ ರಾಜಧಾನಿ ಕಾಲ್ಯಾರಿಯಿಂದ ಸುಮಾರು 20 ಕಿ.ಮೀ. ದೂರದಲ್ಲಿ ಸಾನ್ ಸ್ಪೆರಾತೆ ಇದೆ, ಅದನ್ನೂ ಬಿಡಬೇಡ. ಹಸಿ ಇಟ್ಟಿಗೆಯ ಮನೆಗಳ ಊರು, ಪೀಚ್ ತೋಟಗಳು. 1968ರಲ್ಲಿ ಪಿನುಚ್ಚೊ ಶೋಲಾ ಅನ್ನೋ ಶಿಲ್ಪಿ ಊರಿನ ಹುಡುಗರ ಜೊತೆ ಗೋಡೆಗಳಿಗೆ ಸುಣ್ಣ ಹೊಡೆದರು, ಆಮೇಲೆ ಚಿತ್ರಗಳು ಬಂದವು. ಅವರ ಕಲ್ಲುಗಳ ತೋಟವೂ ಅಲ್ಲಿದೆ. ಬಂಡೆಯಲ್ಲಿ ಸಾಲಾಗಿ ಸಣ್ಣ ಸೀಳು ಕೊರೆದಿದ್ದಾರೆ, ಕೈಯಿಂದ ಸವರಿದರೆ ಕಲ್ಲು ದನಿ ಕೊಡುತ್ತೆ. ಅವ್ವನಿಗೆ ಇದು ತುಂಬಾ ಹಿಡಿಸುತ್ತೆ ನೋಡು.

ಧಾರವಾಡ_ಹುಡುಗ

ಅಕ್ಕಾ, ಬಹಳ ಥ್ಯಾಂಕ್ಸ್. ಹಂಗಾದರೆ ಚೀವಿತಾಕಾಂಪೊಮರಾನೊ ಬಿಡಬಹುದಾ? ಅವ್ವ ಶುದ್ಧ ಸಸ್ಯಾಹಾರಿ, ಅದೂ ಒಂದು ಚಿಂತೆ.

ಕಾಲ್ಯಾರಿ_ಕನ್ನಡತಿ

ಈ ಸಲ ಬಿಡು, ಎರಡೂ ಸೇರಿಸಿದರೆ ಅವ್ವನಿಗೆ ಸುಸ್ತು. ಆದರೆ ಅದನ್ನು ಹಗುರವಾಗಿ ನೋಡಬೇಡ. ಕೆಲವೇ ನೂರು ಜನ ಉಳಿದಿರುವ ಊರು. ಅಲಿಚೆ ಪಾಸ್ಕ್ವಿನಿ ಅನ್ನೋ ಕಲಾವಿದೆಯ ಅಜ್ಜನ ಊರು, 2016ರಿಂದ ಅಲ್ಲಿ ಚಿತ್ರೋತ್ಸವ ನಡೆಸುತ್ತಾ ಬಂದಿದ್ದಾರೆ. ಮೊದಲ ವರ್ಷ ಒಬ್ಬ ಕಲಾವಿದ ಊರಿನ ಅಂಚೆ ಡಬ್ಬಿಗೆ ಜಿಮೇಲ್ ಗುರುತು, ಫೋನ್ ಬೂತ್‌ಗೆ ವಾಟ್ಸಾಪ್ ಗುರುತು ಹಾಕಿದ. ನೆಟ್ ಸರಿಯಾಗಿ ಸಿಗದ ಊರಲ್ಲೂ ಪತ್ರ, ಮಾತುಕತೆ ಎಲ್ಲ ಮೊದಲಿಂದಲೂ ಇದ್ದವು ಅಲ್ವಾ?

ನಿನ್ನ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು. ಕೆಲಸ ಹುಡುಕಿ ಹೋದ ಹುಡುಗರನ್ನು ಚಿತ್ರ ವಾಪಸ್ ಕರೆತರಲ್ಲ. ಆದರೆ ಹೋಟೆಲ್, ಅಂಗಡಿಗೆ ನಾಲ್ಕು ಕಾಸು ಬರುತ್ತೆ. ಬರೀ ಹೊರಗಿನವರು ಬಂದು ಬರೆದು ಹೋದ ಊರಲ್ಲಿ ಬಣ್ಣ ಮಾಸಿದರೆ ಕೇಳುವವರಿಲ್ಲ. ಊರವರೇ ಕೈ ಹಾಕಿದ ಕಡೆ ಅದು ಉಳಿಯುತ್ತೆ. ಓರ್ಗೊಸೊಲೊದಲ್ಲಿ ಈಗಲೂ ಹೊಸ ಚಿತ್ರ ಬರುತ್ತಿರೋದು ಅದಕ್ಕೇ. ಹೋದವರು ಅಲ್ಲೇ ಊಟ ಮಾಡಿ, ಅಲ್ಲೇ ಏನಾದರೂ ಕೊಳ್ಳಿ.

ಊಟದ ಚಿಂತೆ ಬೇಡ. ಪಾನೆ ಕರಸಾವು ಅಂತ ರೊಟ್ಟಿ ಸಿಗುತ್ತೆ, ನಿಮ್ಮ ಕಡಕ್ ರೊಟ್ಟಿಯ ಹಾಗೇ ತೆಳ್ಳಗೆ, ಗರಿಗರಿ. ಟೊಮೆಟೊ, ಆಲಿವ್ ಎಣ್ಣೆ ಜೊತೆ ಚೆನ್ನಾಗಿರುತ್ತೆ. ಪಾನೆ ಫ್ರಾತ್ತಾವು ಮಾತ್ರ ಬೇಡ, ಅದನ್ನು ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ಅದ್ದುತ್ತಾರೆ, ಮೇಲೆ ಮೊಟ್ಟೆ. ಪೆಕೊರಿನೊ ಚೀಸ್‌ಗೂ ಸಾಮಾನ್ಯವಾಗಿ ಕುರಿಮರಿ ಇಲ್ಲವೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಅವ್ವನಿಗೆ ಮೊದಲೇ ಹೇಳು. ಓರ್ಗೊಸೊಲೊಗೆ ಹತ್ತಿರದ ನುವೊರೊ ಪಟ್ಟಣದಿಂದ ಬಸ್ ಇದೆ, ಭಾನುವಾರ ಕಮ್ಮಿ. ವಾರದ ಮಧ್ಯೆ ಹೋಗಿ.