ಅನುದಾನ, ಸಹಾಯಧನ, ನೆರವು: ಕರಪತ್ರಕ್ಕೆ ಯಾವುದು?

ಆತ್ಮೀಯರೇ,

ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡಿಗ ಸಣ್ಣ ವ್ಯಾಪಾರಿಗಳಿಗಾಗಿ ಎರಡು ಪುಟದ ಕರಪತ್ರವೊಂದು ಸಿದ್ಧವಾಗುತ್ತಿದೆ. ಮನೆಯಲ್ಲಿ ಹಪ್ಪಳ, ಸಂಡಿಗೆ ಮಾಡಿ ಮಾರುವವರೂ ಕಿರಾಣಿ ಅಂಗಡಿಯವರೂ ಅದರ ಓದುಗರು. ಆನ್‌ಲೈನ್ ಮಾರಾಟಕ್ಕೆ ಇಳಿದರೆ ಸರ್ಕಾರದಿಂದ ಏನು ಸಿಗುತ್ತದೆ ಎಂಬುದು ವಿಷಯ. ಮರಾಠಿಯಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂಲದಲ್ಲಿ ಎಲ್ಲ ಬಗೆಯ ಸಹಾಯಕ್ಕೂ ‘ಅನುದಾನ’ ಎಂಬ ಒಂದೇ ಪದವಿರುವುದರಿಂದ ತೊಡಕಾಗಿದೆ.

ಮರಾಠಿಯಲ್ಲಿ ಅಡುಗೆ ಅನಿಲದ ಸಬ್ಸಿಡಿಯೂ ಅನುದಾನವೇ, ಹನಿ ನೀರಾವರಿಗೆ ರೈತನಿಗೆ ಕೊಡುವುದೂ ಅನುದಾನವೇ. ಕನ್ನಡದಲ್ಲಿ ಅದು ಹೆಚ್ಚಾಗಿ ಸಂಸ್ಥೆಗೆ, ಇಲಾಖೆಗೆ ಸಲ್ಲುವ ಹಣ: ಶಾಸಕರ ಅನುದಾನ, ಅನುದಾನಿತ ಶಾಲೆ. ವ್ಯಕ್ತಿಗೆ ಸಿಗುವುದು ಸಹಾಯಧನ. ಊರಿನಿಂದ ಬಂದವರಿಗೆ ಈ ಭೇದ ಗೊತ್ತು. ಮುಂಬಯಿಯಲ್ಲೇ ಹುಟ್ಟಿ ಬೆಳೆದವರಿಗೆ ಅಷ್ಟಾಗಿ ತಿಳಿಯದು. ಕರಪತ್ರವನ್ನು ಇಬ್ಬರೂ ಓದಬೇಕು.

ಹಾಗಾದರೆ ಎಲ್ಲ ಕಡೆ ‘ಸಹಾಯಧನ’ ಎಂದು ಬದಲಿಸಿದರೆ ಸಾಲದೇ? ಸಾಲದು. ಧನ ಎಂದ ಮೇಲೆ ಅದು ಖಾತೆಗೆ ಯಾವಾಗ ಬೀಳುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಬಂದ ಪಿಎಂ ಸ್ವನಿಧಿಗೆ ಈ ಪದ ಒಪ್ಪುತ್ತದೆ. ಸಾಲದ ಕಂತನ್ನು ಸಕಾಲಕ್ಕೆ ಕಟ್ಟಿದವರ ಖಾತೆಗೆ ಶೇ 7ರ ಬಡ್ಡಿ ಸಹಾಯಧನ ಜಮೆಯಾಗುವ ಯೋಜನೆ ಅದು. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೀಮ್’ ಯೋಜನೆಯ ಬಗೆ ಬೇರೆ. ಐದು ಲಕ್ಷ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳನ್ನು ಒಎನ್‌ಡಿಸಿ ಎಂಬ ಆನ್‌ಲೈನ್ ಮಾರಾಟ ಜಾಲಕ್ಕೆ ಸೇರಿಸುವುದು ಅದರ ಗುರಿ. ಅವುಗಳಲ್ಲಿ ಅರ್ಧದಷ್ಟು ಮಹಿಳೆಯರವಾಗಿರಬೇಕು. ಮೀಸಲಿಟ್ಟ 277.35 ಕೋಟಿ ರೂಪಾಯಿ ಸರಕಿನ ಪಟ್ಟಿ ತಯಾರಿಸಲು, ಆ ಜಾಲದಲ್ಲಿನ ಮಾರಾಟದ ಖಾತೆ ನಿರ್ವಹಿಸಲು, ಸಾಗಣೆಗೆ, ಪ್ಯಾಕಿಂಗ್‌ಗೆ. ಹಪ್ಪಳದ ಪೊಟ್ಟಣವನ್ನು ಅಂದಗೊಳಿಸಿಕೊಡುವುದಕ್ಕೆ ‘ಧನ’ ಎನ್ನಲು ನನಗೆ ಮನಸ್ಸಿಲ್ಲ.

ಆದ್ದರಿಂದ ಅಲ್ಲಿ ‘ನೆರವು’ ಎಂದು ಬರೆದಿದ್ದೆ. ನಮ್ಮ ಸಮಿತಿಯ ಹಿರಿಯರೊಬ್ಬರು ಒಪ್ಪುತ್ತಿಲ್ಲ. ನೆರವು ಎಂದರೆ ನೆರೆ ಸಂತ್ರಸ್ತರಿಗೆ ಕೊಡುವುದು, ವ್ಯಾಪಾರಿ ಯಾರ ಮುಂದೆಯೂ ಕೈ ಚಾಚುವವನಲ್ಲ ಎಂಬುದು ಅವರ ವಾದ. ಅವರು ಹೇಳುವುದು ‘ಉತ್ತೇಜನ’. ಉತ್ತೇಜನವನ್ನು ಮಂತ್ರಿಗಳು ಭಾಷಣದಲ್ಲಿ ಧಾರಾಳವಾಗಿ ಕೊಡುತ್ತಾರೆ. ಅದರಿಂದ ಒಂದು ಫೋಟೊ ತೆಗೆಸುವ ಖರ್ಚೂ ಹುಟ್ಟುವುದಿಲ್ಲ.

ಇನ್ನೊಂದು ಸಿಕ್ಕು ‘ನೋಂದಣಿ’. ಮಹಾರಾಷ್ಟ್ರದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ನೋಂದಣಿ ಬೇಡ. ಆನ್‌ಲೈನ್ ವೇದಿಕೆಗಳ ಮೂಲಕ ರಾಜ್ಯದೊಳಗೆ ಮಾರುವವರಿಗೂ 2023ರ ಅಕ್ಟೋಬರ್ 1ರಿಂದ ಈ ವಿನಾಯಿತಿ ದೊರೆತಿದೆ. ಆದರೆ ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯಲೇಬೇಕು. ಮೂಲದಲ್ಲಿ ಎರಡಕ್ಕೂ ನೋಂದಣಿ ಎಂದೇ ಇದೆ. ಹಾಗೆಯೇ ಇಳಿಸಿದರೆ ‘ನೋಂದಣಿ ಬೇಕಿಲ್ಲ, ಆದರೆ ನೋಂದಣಿ ಕಡ್ಡಾಯ’ ಎಂದಾಗುತ್ತದೆ. ಅದರ ಕೆಳಗಿನ ಸಾಲಿನಲ್ಲೇ ಸಣ್ಣ ಉದ್ಯಮಗಳಿಗಾಗಿರುವ ಉಚಿತವಾದ ‘ಉದ್ಯಮ್ ನೋಂದಣಿ’ ಬೇರೆ! ‘ದಾಖಲಾತಿ’ ಎಂದರೆ ಮಕ್ಕಳನ್ನು ಶಾಲೆಗೆ ಸೇರಿಸುವುದು ನೆನಪಾಗುತ್ತದೆ. ಎನ್‌ರೋಲ್‌ಮೆಂಟ್ ಎಂದೇ ಉಳಿಸಿಕೊಳ್ಳುವುದು ಲೇಸೆಂದು ತೋರುತ್ತದೆ.

‘ಧಂದಾ’ ಕುರಿತು ಮಾತ್ರ ಚರ್ಚೆ ಬೇಡ. ಮರಾಠಿಯಲ್ಲಿ ಅದು ಮರ್ಯಾದೆಯ ಕಸುಬು, ನಮ್ಮ ಪತ್ರಿಕೆಗಳಲ್ಲಿ ಮರಳು ದಂಧೆ, ಬೆಟ್ಟಿಂಗ್ ದಂಧೆ. ಮೊದಲ ಕರಡಿನಲ್ಲಿ ಯಾರೋ ‘ಆನ್‌ಲೈನ್ ದಂಧೆಗೆ ಸರ್ಕಾರದ ಅನುದಾನ’ ಎಂದು ತಲೆಬರಹ ಕೊಟ್ಟಿದ್ದರು. ಅದನ್ನು ಹೊಡೆದು ಹಾಕಿದ್ದಾಗಿದೆ.

ಕರ್ನಾಟಕದ ಇಲಾಖೆಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ತಿಳಿಸಿ: ಹಣವಾಗಿ ಕೈಗೆ ಬಾರದ ಇಂಥ ಸಹಾಯಕ್ಕೆ ನಿಮ್ಮ ಸುತ್ತೋಲೆಗಳಲ್ಲಿ ಯಾವ ಪದ ಬಳಸುತ್ತಿದ್ದಿರಿ?